ಕರುಳಿನ ಸಿಸ್ಟರಮ್ಮನ ಫಜೀತಿಗಳು

ವಾರಕ್ಕೊಂದಾದರೂ ಇಂಥದ್ದು ನಡೆಯದೆ ಹೋದರೆ, ನನ್ನ ಫೋನೇ ಕೆಟ್ಟಿರಬೇಕು ಅಂತ ನನಗೆ ಅನುಮಾನ ಬರುತ್ತದೆ.

ನಾನು ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಇಪ್ಪತ್ತು ವರ್ಷ ಎಲ್ಲಾ ವಾರ್ಡುಗಳಲ್ಲೂ ದುಡಿದ ಮೇಲೆ ಹೊಟ್ಟೆಯ ಡಾಕ್ಟರು ಒಂದು ದಿನ ಕರೆದು, ಇನ್ನು ಮೇಲೆ ಕರುಳಿನ ಹುಣ್ಣಿನವರನ್ನೆಲ್ಲ ನೀವೇ ನೋಡಿಕೊಳ್ಳಬೇಕು, ಅದಕ್ಕೆ ಬೇರೆ ತರಬೇತಿ ಕೊಡಿಸುತ್ತೇನೆ ಅಂದರು. ಇದು ನಾಲ್ಕು ದಿನ ಮಾತ್ರೆ ನುಂಗಿದರೆ ಹೋಗುವ ಕಾಯಿಲೆ ಅಲ್ಲ. ವರ್ಷಗಟ್ಟಲೆ ಇರುತ್ತದೆ. ಆರು ತಿಂಗಳು ಸುಮ್ಮನಿದ್ದು, ಒಂದು ದಿನ ಇದ್ದಕ್ಕಿದ್ದ ಹಾಗೆ ರಕ್ತ ಕಾಣಿಸಿ, ದಿನಕ್ಕೆ ಹತ್ತು ಸಲ ಕಕ್ಕಸಿಗೆ ಓಡಿಸುತ್ತದೆ. ಡಾಕ್ಟರು ಹತ್ತು ನಿಮಿಷ ನೋಡಿ ಔಷಧಿ ಬರೆಯುತ್ತಾರೆ. ಅದನ್ನು ಹೇಗೆ ತಗೊಳ್ಳಬೇಕು, ಯಾವಾಗ ಹೆದರಿ ಓಡಿ ಬರಬೇಕು, ಯಾವಾಗ ಮನೆಯಲ್ಲೇ ಇರಬಹುದು, ಇದೆಲ್ಲ ನನ್ನ ಪಾಲಿನ ಕೆಲಸ. ಅದಕ್ಕೆಂದೇ ಒಂದು ಫೋನು ಕೊಟ್ಟಿದ್ದಾರೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಎಲ್ಲಿಂದ ಕರೆ ಬಂದರೂ ನಾನು ಕೇಳುವುದು ಎರಡೇ ಮಾತು: ಎಷ್ಟು ಸಲ ಆತು, ಹೆಂಗಿತ್ತು.

ನನ್ನ ಸ್ವಂತ ಹೆಸರು ಈಗ ಯಾರಿಗೂ ಬೇಕಾಗಿಲ್ಲ. ಎಲ್ಲರಿಗೂ ನಾನು ಕರುಳಿನ ಸಿಸ್ಟರಮ್ಮ.

೧. ಪಾಯಸದ ಪಂಕ್ತಿ

ಸತ್ಯನಾರಾಯಣಪೇಟೆಯಲ್ಲಿ ನಮ್ಮ ಯಜಮಾನರ ಕಡೆಯ ಒಂದು ಮದುವೆ. ಊಟಕ್ಕೆ ಕೂತಿದ್ದೆವು. ಎಡಕ್ಕೆ ಯಜಮಾನರು, ಬಲಕ್ಕೆ ಗಂಡಿನ ಸೋದರಮಾವ. ಅನ್ನ ಸಾರು ಬಂದಿತ್ತು. ಅಷ್ಟರಲ್ಲಿ ಆಸ್ಪತ್ರೆಯ ಫೋನು ಬಡಿದುಕೊಂಡಿತು. ನೋಡಿದರೆ ಕುರುಗೋಡಿನ ಒಬ್ಬ ಬಾಣಂತಿ. ಹೋದ ವಾರವಷ್ಟೇ ಅವಳಿಗೆ ಮಲದಲ್ಲಿ ರಕ್ತ ಹೋಗಿತ್ತು. ಅವಳ ಕರೆ ಬಿಡುವ ಹಾಗಿಲ್ಲ.

ಪಕ್ಕದಲ್ಲೇ ವಾಲಗ. ಅವಳ ಮಾತು ನನಗೆ ಕೇಳಿಸದು, ನನ್ನದು ಅವಳಿಗೆ ಕೇಳಿಸದು. ನಾನು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿಕೊಂಡು, ಒಂದು ಕೈಯಲ್ಲಿ ಇನ್ನೊಂದು ಕಿವಿ ಮುಚ್ಚಿಕೊಂಡು, ತುತ್ತು ಕಲೆಸಿದ ಕೈ ಎಲೆಯ ಮೇಲೇ ಇಟ್ಟುಕೊಂಡು, ಗಂಟಲು ಹರಿಯುವ ಹಾಗೆ ಕೂಗತೊಡಗಿದೆ. ಆ ಹೊತ್ತಿಗೇ ವಾಲಗದವರು ಚಹಾ ಕುಡಿಯಲು ನಿಲ್ಲಿಸಿದರು. ನನಗೆ ಅದು ಗೊತ್ತಾಗಲಿಲ್ಲ.

"ರಕ್ತ ಕೆಂಪಗ ಐತೋ, ಕರ್ರಗ ಐತೋ? ಲೋಳಿ ಕೂಡೇತೇನು? ಬೆಳಗಿಂದ ಎಷ್ಟು ಸಲ ಆತು? ನೀರ ಹಂಗೋ, ಸ್ವಲ್ಪರ ಗಟ್ಟಿ ಐತೋ?"

ಇಡೀ ಪಂಕ್ತಿ ಕೇಳಿಸಿಕೊಂಡಿತು. ಬಾಣಂತಿ ಬೆಳಗಿಂದ ಎಂಟು ಸಲ ಆಗಿದೆ ಅಂದಳು. ಮಗುವನ್ನು ಅತ್ತೆ ಕೈಗೆ ಕೊಟ್ಟು ಈಗಿಂದೀಗಲೇ ಬಂದು ಅಡ್ಮಿಟ್ ಆಗಬೇಕು ಅಂತ ಒಪ್ಪಿಸಿ, ವಾರ್ಡಿಗೆ ಹೇಳಿ, ಫೋನಿಟ್ಟು ತಲೆ ಎತ್ತಿದೆ. ಸೋದರಮಾವನವರು ಎಲೆ ಮಡಚಿ ಎದ್ದು ಹೋಗಿದ್ದರು. ಎದುರು ಸಾಲಿನವರು ಸಾರನ್ನು ನೋಡುತ್ತ ಕೂತಿದ್ದರು. ಯಜಮಾನರು ನನ್ನ ಪರಿಚಯವೇ ಇಲ್ಲದವರ ಹಾಗೆ ಮಂಟಪದ ಫ್ಯಾನು ನೋಡುತ್ತಿದ್ದರು. ಆ ಬಾಣಂತಿ ಸಂಜೆಯೊಳಗೆ ಬಂದಳು, ವಾರದಲ್ಲಿ ಗುಣವಾಗಿ ಮನೆಗೆ ಹೋದಳು, ಆ ಸಮಾಧಾನ ನನಗಿದೆ.

ಆದರೆ ಆವತ್ತು ನನ್ನ ಎದುರು ಬಕೆಟ್ಟು ಹಿಡಿದು ನಿಂತ ಬಡಿಸುವವನು ಬಹಳ ಮರ್ಯಾದಸ್ಥ. ಬಗ್ಗಿ, ಮೆಲ್ಲಗೆ ಕೇಳಿದ: "ಅಕ್ಕಾರ, ಈ ಪಾಯಸ ನೀರ ಹಂಗ ಐತಿ. ನಿಮಗ ಗಟ್ಟೀದು ಬೇಕಂದ್ರ ಒಳಗಿಂದ ತರ್ತೀನಿ."

೨. ಹಾಜರಿ ಪುಸ್ತಕ

ಹೊಸದಾಗಿ ಬಂದವರಿಗೆಲ್ಲ ನಾನು ಒಂದು ನೋಟ್‌ಬುಕ್ ಇಡಲು ಹೇಳುತ್ತೇನೆ. ದಿನಕ್ಕೆ ಎಷ್ಟು ಸಲ ಹೋದಿರಿ, ಹೇಗಿತ್ತು, ರಕ್ತ ಇತ್ತೋ ಇಲ್ಲವೋ, ಇಷ್ಟು ಬರೆದರೆ ಸಾಕು. ಹೆಚ್ಚಿನವರು ಮೂರು ದಿನ ಬರೆದು, ನಾಲ್ಕನೇ ದಿನ ಅದೇ ಹಾಳೆಯಲ್ಲಿ ಸಂತೆಯ ಸಾಮಾನು ಬರೆದಿರುತ್ತಾರೆ.

ಕುರುಗೋಡಿನ ಒಬ್ಬ ನಿವೃತ್ತ ಹೆಡ್‌ಮಾಸ್ತರು ಮಾತ್ರ ತಿಂಗಳ ನಂತರ ಕಂದು ಕಾಗದದ ರಟ್ಟು ಹಾಕಿದ ದೊಡ್ಡ ಪುಸ್ತಕವನ್ನೇ ತಂದು ಮೇಜಿನ ಮೇಲಿಟ್ಟರು. ತೆರೆದರೆ ಕೆಂಪು ಮಸಿಯಲ್ಲಿ ಗೆರೆ ಹೊಡೆದ ಹಾಜರಿ ಪುಸ್ತಕ. ಕ್ರಮ ಸಂಖ್ಯೆ, ಬಂದ ಸಮಯ, ನಡತೆ, ಷರಾ. ನಡತೆಯ ಸಾಲಿನಲ್ಲಿ "ಸಾಧಾರಣ", "ಅಶಿಸ್ತು", "ಅತ್ಯಂತ ಒರಟು" ಅಂತ ಮುದ್ದಾದ ಅಕ್ಷರ. ಷರಾದಲ್ಲಿ ಹೀಗೆಲ್ಲ: "ಅನುಮತಿಯಿಲ್ಲದೆ ಬಂದಿತು." "ಗುಂಪಾಗಿ ಬಂದು ಗದ್ದಲ ಮಾಡಿತು." "ಬರುತ್ತೇನೆಂದು ಅವಸರ ಮಾಡಿ, ಇಪ್ಪತ್ತು ನಿಮಿಷ ಕಾಯಿಸಿ, ಕೊನೆಗೂ ಬರಲಿಲ್ಲ."

ಡಾಕ್ಟರು ಓದುತ್ತ ಓದುತ್ತ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ಒಂದು ಪುಟದಲ್ಲಿ ಅವರ ನಗು ನಿಂತಿತು. "ಕೊನೆಗೂ ಬರಲಿಲ್ಲ" ಅನ್ನುವ ಷರಾ ದಿನಕ್ಕೆ ನಾಲ್ಕೈದು ಸಲ ಇತ್ತು. ಹೊಟ್ಟೆ ಖಾಲಿ ಇದ್ದರೂ ಮತ್ತೆ ಮತ್ತೆ ಅವಸರ ಆಗುತ್ತಿದೆ ಅಂದರೆ ಕರುಳಿನ ತುದಿಯಲ್ಲೇ ಉರಿ ಜಾಸ್ತಿ ಇದೆ ಅಂತ ಅರ್ಥ. ಬಾಯಿಬಿಟ್ಟು ಕೇಳಿದಾಗ ಈ ಮನುಷ್ಯ "ಪರವಾಗಿಲ್ಲ" ಅಂತ ಮಾತ್ರ ಹೇಳಿದ್ದರು. ಡಾಕ್ಟರು ಆವತ್ತೇ ಔಷಧಿ ಬದಲಾಯಿಸಿದರು.

ನಾನು ಇನ್ನೊಂದು ಗಮನಿಸಿದೆ. ನಾಲ್ಕೂ ಭಾನುವಾರ ಖಾಲಿ. ಆವತ್ತು ಏನೂ ಆಗಲೇ ಇಲ್ಲವೇ ಅಂತ ಕೇಳಿದೆ.

"ಆಗ್ತಾವಮ್ಮಾ. ಆದ್ರ ರಜಾ ದಿನ ಬಂದವ್ರಿಗೆ ಹಾಜರಿ ಹಾಕಾಕ ಬರೂದಿಲ್ಲ."

ಭಾನುವಾರ ವಿಶೇಷ ತರಗತಿ ಅಂತ ತಿಳಿದು ಬರೆಯಿರಿ ಅಂದ ಮೇಲೆ ಒಪ್ಪಿದರು. ಮುಂದಿನ ತಿಂಗಳು ಪುಸ್ತಕ ಬಂದಾಗ ಅಶಿಸ್ತು ಬಹಳ ಕಡಿಮೆಯಾಗಿತ್ತು. ಕೊನೆಯ ಪುಟದಲ್ಲಿ ಡಾಕ್ಟರಿಗೆ ಸಹಿ ಹಾಕಲು "ತಪಾಸಣಾಧಿಕಾರಿ" ಅಂತ ಜಾಗ ಬಿಟ್ಟಿದ್ದರು. ಅದರ ಮೇಲೆ ಬಣ್ಣದ ಪೆನ್ನಿನಲ್ಲಿ, ಸುತ್ತ ಹೂಬಳ್ಳಿ ಬಿಡಿಸಿ ಬರೆದಿತ್ತು: "ಈ ತಿಂಗಳ ಆದರ್ಶ ವಿದ್ಯಾರ್ಥಿ: ಹದಿನಾಲ್ಕನೇ ತಾರೀಖು, ಬೆಳಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಬಂದದ್ದು."

೩. ಒಂದೇ ಮನಿ, ಒಂದೇ ಊಟ

ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ಒಬ್ಬರು ಇದ್ದಾರೆ. ಬಹಳ ಸಂಕೋಚದ ಮನುಷ್ಯ. ಕರುಳಿನೊಳಗೆ ಉರಿ ಎಷ್ಟಿದೆ ಅಂತ ಮಲದಲ್ಲೇ ತಿಳಿಯುವ ಒಂದು ಪರೀಕ್ಷೆ ಇದೆ. ಅದಕ್ಕಾಗಿ ಅವರಿಗೆ ಸಣ್ಣ ಡಬ್ಬಿ ಕೊಟ್ಟು, ಕಡಲೆಕಾಳಿನಷ್ಟು ಸಾಕು, ಸೋಮವಾರ ತಂದುಕೊಡಿ ಅಂದಿದ್ದೆ. ಸೋಮವಾರ ತಂದುಕೊಟ್ಟರು. ರಿಪೋರ್ಟು ಬಂದಾಗ ಡಾಕ್ಟರಿಗೂ ನನಗೂ ಆಶ್ಚರ್ಯ. ಎಲ್ಲವೂ ನಾರ್ಮಲ್. ಹೋದ ತಿಂಗಳು ದಿನಕ್ಕೆ ಏಳು ಸಲ ಓಡುತ್ತಿದ್ದವರು ಇವರೇನಾ ಅನ್ನುವಷ್ಟು ನಾರ್ಮಲ್. ಡಾಕ್ಟರು ಖುಷಿಯಾಗಿ ಔಷಧಿ ಅರ್ಧ ಮಾಡೋಣ ಅಂದರು.

ನನಗೆ ಮನಸ್ಸು ಒಪ್ಪಲಿಲ್ಲ. ಎದುರು ಕೂತವರ ಮುಖ ಬಿಳಿಚಿಕೊಂಡಿತ್ತು, ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಮಾತಾಡುತ್ತಿರುವಾಗಲೇ ಎರಡು ಸಲ ಎದ್ದು ಹೋಗಿ ಬಂದರು. ಡಾಕ್ಟರಿಗೆ ಸ್ವಲ್ಪ ತಡೆಯಿರಿ ಅಂತ ಹೇಳಿ, ಅವರನ್ನು ನನ್ನ ಕೋಣೆಗೆ ಕರೆದುಕೊಂಡು ಬಂದು ಬಾಗಿಲು ಹಾಕಿದೆ. ಆ ಡಬ್ಬಿ ಯಾವಾಗ ತುಂಬಿದಿರಿ, ಹೇಗೆ ತಂದಿರಿ, ಒಂದೊಂದೇ ಕೇಳಿದೆ. ಅವರು ನೆಲ ನೋಡಿದರು, ಗೋಡೆಯ ಕ್ಯಾಲೆಂಡರು ನೋಡಿದರು. ಕಡೆಗೆ ಬಾಯಿಬಿಟ್ಟರು.

ಆ ದಿನ ಬೆಳಗ್ಗೆ ಅವರಿಗೆ ಆಗಿದ್ದೆಲ್ಲ ಬರೀ ನೀರು, ರಕ್ತ. ಅಂಥದ್ದನ್ನು ಹೆಣ್ಣುಮಗಳೊಬ್ಬಳ ಕೈಗೆ ಹೇಗೆ ಕೊಡುವುದು ಅಂತ ನಾಚಿಕೆ. ಖಾಲಿ ಡಬ್ಬಿ ತಂದರೆ ನಾನು ಬೇಜಾರಾಗುತ್ತೇನೆ ಅಂತ ಹೆದರಿಕೆ.

"ಅದಕ್ಕ ನಮ್ಮ ತಮ್ಮಂದು ತಂದೀನ್ರಿ ಸಿಸ್ಟರಮ್ಮಾ. ಬ್ಯಾರೆ ಯಾರ್ದೂ ಅಲ್ಲ. ಒಂದೇ ಮನಿ, ಒಂದೇ ಊಟ. ನೋಡಾಕೂ ಭಾಳ ಚಂದ ಇತ್ತು."

ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ಎರಡೂ ಬಿಟ್ಟು, ತಮ್ಮನ ಹೊಟ್ಟೆ ನೋಡಿ ನಿಮಗೆ ಔಷಧಿ ಅರ್ಧ ಮಾಡಿದ್ದರೆ ಏನಾಗುತ್ತಿತ್ತು ಅಂತ ಬಿಡಿಸಿ ಹೇಳಿದೆ. ಕೆಟ್ಟದ್ದಿದ್ದರೆ ಕೆಟ್ಟದ್ದನ್ನೇ ತರಬೇಕು, ನಮಗೆ ಬೇಕಾದದ್ದು ಅದೇ ಅಂದೆ. ಅವರ ಕಣ್ಣಲ್ಲಿ ನೀರು ಬಂತು. ಮತ್ತೆ ಪರೀಕ್ಷೆ ಮಾಡಿಸಿದಾಗ ಉರಿ ಮೇಲಕ್ಕೇರಿ ಕೂತಿತ್ತು. ಔಷಧಿ ಅರ್ಧ ಆಗುವ ಬದಲು ಹೆಚ್ಚಾಯಿತು. ಎರಡು ತಿಂಗಳಲ್ಲಿ ಮುಖಕ್ಕೆ ಬಣ್ಣ ಬಂದು, ಪ್ಯಾಂಟೂ ಸೊಂಟದಲ್ಲಿ ನಿಂತಿತು.

ಅಲ್ಲಿಗೆ ಮುಗಿಯಿತು ಅಂದುಕೊಂಡರೆ, ಒಂದು ದಿನ ತಮ್ಮನೇ ಸಿರುಗುಪ್ಪದಿಂದ ಬಸ್ಸು ಹತ್ತಿ ಬಂದ. ಗಟ್ಟಿಮುಟ್ಟಾದ ಆಳು. ಅವನಿಗೇನೂ ಕಾಯಿಲೆ ಇಲ್ಲ. ಆ ಮೊದಲನೇ ರಿಪೋರ್ಟು ತನಗೆ ಸೇರಬೇಕಾದದ್ದು ಅಂತ ಅವನ ವಾದ. ಕೊಡಿ, ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹಾಕುತ್ತೇನೆ ಅಂದ. ಯಾಕಪ್ಪಾ ಅಂದೆ.

"ಏಳನೇ ಕ್ಲಾಸಿನಾಗ ಮೂರು ಸಲ ಫೇಲ್ ಆಗೀನ್ರಿ ಅಕ್ಕಾ. ನನ್ನ ಜೀವಮಾನದಾಗ ಎಲ್ಲಾದರಾಗೂ ಪಾಸಾಗಿದ್ದು ಇದೊಂದ."

೪. ಎಡಮಗ್ಗಲು

ಕುಡತಿನಿಯ ಕಡೆ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಮಾಡುವ ಒಬ್ಬರಿಗೆ ಡಾಕ್ಟರು ಎನಿಮಾ ಔಷಧಿ ಬರೆದರು. ಸಣ್ಣ ಬಾಟಲಿ. ಹಿಂದಿನಿಂದ ಹಾಕಿಕೊಂಡು ಎಡಮಗ್ಗಲಲ್ಲಿ ಅರ್ಧ ಗಂಟೆ ಅಲುಗಾಡದೆ ಮಲಗಬೇಕು. ಆಗ ಔಷಧಿ ಕರುಳಿಗೆ ಸರಿಯಾಗಿ ತಾಗುತ್ತದೆ. ಮಲಗುವ ಮುಂಚೆ ಮನೆಯಲ್ಲೇ ಹಾಕಿಕೊಳ್ಳಿ ಅಂತ ನಾನು ಹೇಳಿದ್ದೆ. ಎಡಮಗ್ಗಲು ಅನ್ನುವುದನ್ನು ಮಾತ್ರ ನಾಲ್ಕು ಸಲ ಒತ್ತಿ ಹೇಳಿದ್ದೆ. ತಪ್ಪಾದದ್ದು ಅಲ್ಲೇ ಇರಬೇಕು. ಮನೆಯಲ್ಲಿ ಅನ್ನುವುದನ್ನು ಮರೆತು ಎಡಮಗ್ಗಲನ್ನು ಮಾತ್ರ ನೆನಪಿಟ್ಟರು.

ಒಂದು ಮಧ್ಯಾಹ್ನ ಊಟದ ವಿರಾಮದಲ್ಲಿ, ಕೆಲಸಗಾರರು ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಯಾರೂ ಇಲ್ಲದ್ದು ನೋಡಿ, ಚಿಲಕ ಹಾಕಿ, ಔಷಧಿ ಹಾಕಿಕೊಂಡು, ಬಟ್ಟೆ ಸರಿಮಾಡಿ, ಚಿಲಕ ತೆಗೆದು, ಬೆಂಚಿನ ಮೇಲೆ ಎಡಮಗ್ಗಲಾಗಿ ಮಲಗಿದರು. ಹತ್ತು ನಿಮಿಷವಾಗಿರಬಹುದು. ಸೈರನ್ ಹೊಡೆಯಿತು. ಬೆಂಕಿ ಬಿದ್ದರೆ ಏನು ಮಾಡಬೇಕು ಅಂತ ಕಾರ್ಖಾನೆಯವರು ಆಗಾಗ ನಡೆಸುವ ಅಣಕು ಪ್ರದರ್ಶನ. ಬೇರೆಯವರೆಲ್ಲ ಮೈದಾನಕ್ಕೆ ಓಡಿದರು. ಇವರು ಏಳಲಿಲ್ಲ. ಎದ್ದರೆ ಔಷಧಿಯೆಲ್ಲ ಹೊರಗೆ ಬರುತ್ತದಲ್ಲ.

ಕೋಣೆಗಳನ್ನು ಹುಡುಕುತ್ತ ಬಂದ ರಕ್ಷಣಾ ತಂಡದವರಿಗೆ ಹಲ್ಲು ಕಚ್ಚಿ, ಬೆವರುತ್ತ, ಸೊಟ್ಟಗೆ ಮಲಗಿದ ಮನುಷ್ಯ ಸಿಕ್ಕ. ಗಾಯಾಳುವಿನ ಪಾತ್ರಕ್ಕೆ ಹಾಕಿದವನು ಇವನೇ ಇರಬೇಕು ಅಂತ ಅವರು ಸ್ಟ್ರೆಚರ್ ತಂದರು. ಎತ್ತಿ ಅಂಗಾತ ಮಲಗಿಸಲು ಹೋದರೆ ಇವರು ಅವರ ಕೈ ಹಿಡಿದು, "ಎಡಕ್ಕ ಹಾಕ್ರಪ, ದಮ್ಮಯ್ಯ, ಎಡಕ್ಕ ಹಾಕ್ರಿ" ಅಂತ ನರಳಿದರು. ನಿಜವಾದ ಕಾರಣ ಹೇಳೋಣ ಅಂದರೆ ಸುತ್ತ ಇಪ್ಪತ್ತು ಜನ. ಹಾಗಾಗಿ ಎಲ್ಲಿ ನೋವು ಅಂದರೂ ಎಡಕ್ಕೆ, ಹೆಸರೇನು ಅಂದರೂ ಎಡಕ್ಕೆ. ಮೈದಾನದ ತುಂಬ ಸುತ್ತಿಸಿ, ಆಂಬುಲೆನ್ಸ್ ಹತ್ತಿಸಿ, ಇಳಿಸಿ, ಎಲ್ಲ ಮುಗಿಯುವ ಹೊತ್ತಿಗೆ ಸರಿಯಾಗಿ ಅರ್ಧ ಗಂಟೆ ಆಗಿತ್ತು.

ಸಂಜೆ ಫೋನು ಮಾಡಿ ಎಲ್ಲ ಹೇಳಿದರು. ಔಷಧಿ ಒಂದು ಹನಿಯೂ ಹೊರಗೆ ಬರಲಿಲ್ಲವಂತೆ. ಇನ್ನು ಮೇಲೆ ಮನೆಯಲ್ಲೇ ಹಾಕಿಕೊಳ್ಳಿ ಅಂದೆ. ಒಪ್ಪಿದರು. ಆಮೇಲೆ ಕೇಳಿದರು: "ಸಿಸ್ಟರಮ್ಮಾ, ನಂಗ ಉತ್ತಮ ನಟ ಅಂತ ಒಂದು ಗೋಡಿ ಗಡಿಯಾರ ಕೊಟ್ಟಾರ. ತಗೋಬೌದೇನ್ರಿ?"

೫. ಜೀನ್ಸ್ ಚೀಲ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಬ್ಬ ಟೇಲರಣ್ಣ. ಅವನ ಕರುಳು ಯಾವ ಔಷಧಿಗೂ ಬಗ್ಗದೆ, ಕಡೆಗೆ ಆಪರೇಷನ್ ಮಾಡಿ ದೊಡ್ಡ ಕರುಳನ್ನೇ ತೆಗೆಯಬೇಕಾಯಿತು. ಹೊಟ್ಟೆಯ ಮೇಲೆ ಒಂದು ದಾರಿ ಮಾಡಿ, ಅದಕ್ಕೆ ಪ್ಲಾಸ್ಟಿಕ್ ಚೀಲ ಹಾಕಿದರು. ಮಲ ಅದರೊಳಗೇ ಬರುತ್ತದೆ. ಚರ್ಮಕ್ಕೆ ಒಂದು ಬಿಲ್ಲೆ ಅಂಟಿಸಿರುತ್ತದೆ, ಚೀಲ ಅದಕ್ಕೆ ಗುಂಡಿಯ ಹಾಗೆ ಕೂಡುತ್ತದೆ. ಜೀವ ಉಳಿಯಿತು. ಆದರೆ ಮನುಷ್ಯ ಮನೆ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದ. ನಾಲ್ಕು ತಿಂಗಳು. ಜನರ ನಡುವೆ ಚೀಲ ಕಳಚಿ ಬಿದ್ದರೆ ಅನ್ನುವುದೊಂದೇ ಭಯ. ಸಿರುಗುಪ್ಪದಲ್ಲಿರುವ ಸ್ವಂತ ತಂಗಿಗೂ ಈ ವಿಷಯ ಹೇಳಿರಲಿಲ್ಲ. ಅವಳ ಮಗುವಿಗೆ ಹೆಸರಿಡುವ ದಿನ ಹತ್ತಿರ ಬಂದಿತ್ತು. ಹೋಗಲ್ಲ ಅಂತ ಹಟ ಹಿಡಿದಿದ್ದ.

ಅವನ ಮನೆಗೆ ಹೋಗಿ, ಚೀಲ ಬದಲಾಯಿಸುವುದನ್ನು ಹತ್ತು ಸಲ ಮಾಡಿಸಿದೆ. ಆದರೂ ಭಯ ಹೋಗಲಿಲ್ಲ. ಮೂಲೆಯಲ್ಲಿ ಹೊಲಿಗೆ ಮಷಿನ್ನು ಧೂಳು ಹಿಡಿದು ನಿಂತಿತ್ತು. ನೀನು ಟೇಲರ್ ಅಲ್ಲವೇನಪ್ಪಾ, ಈ ಪ್ಲಾಸ್ಟಿಕ್ಕಿಗೊಂದು ಅಂಗಿ ಹೊಲಿ, ನೋಡೋರಿಗೆ ಕಾಣಲ್ಲ, ನಿನಗೂ ಧೈರ್ಯ ಬರುತ್ತೆ ಅಂದೆ. ಮಾತಿಗೆ ಹೇಳಿದ್ದು. ವಾರ ಬಿಟ್ಟು ಹೋದರೆ, ನೀಲಿ ಜೀನ್ಸ್ ಬಟ್ಟೆಯಲ್ಲಿ, ಹಳದಿ ದಾರದ ಜೋಡಿ ಹೊಲಿಗೆ ಹಾಕಿ, ಹಿತ್ತಾಳೆ ಗುಂಡಿ, ಜಿಪ್ಪು, ಸೊಂಟಕ್ಕೆ ಬೆಲ್ಟು, ಎಲ್ಲ ಇಟ್ಟು ಹೊಲಿದಿದ್ದ. ದೊಡ್ಡ ವ್ಯಾಪಾರಸ್ಥರು ಕಟ್ಟಿಕೊಳ್ಳುವ ಹಣದ ಚೀಲದ ಹಾಗೇ ಇತ್ತು. ನಾವಿಬ್ಬರೂ ಅದರ ಚಂದ ನೋಡಿದೆವೇ ಹೊರತು ಆ ಹೋಲಿಕೆಯನ್ನು ಯೋಚಿಸಲಿಲ್ಲ.

ಹೆಸರಿಡುವ ದಿನವೇ ನನಗೂ ಸಿರುಗುಪ್ಪದಲ್ಲಿ ತಪಾಸಣಾ ಶಿಬಿರ ಇತ್ತು. ನೀವು ಬಸ್ಸಿನಲ್ಲಿ ಇದ್ದರೆ ಮಾತ್ರ ಬರುತ್ತೇನೆ ಅಂದ. ಬೆಳಗ್ಗೆ ಬಳ್ಳಾರಿ ಬಸ್ ನಿಲ್ದಾಣದಲ್ಲಿ ಸೇರಿದೆವು. ಹೊಸ ಅಂಗಿ, ಅದರ ಅಂಚಿನಿಂದ ಇಣುಕುವ ಜೀನ್ಸ್ ಚೀಲ, ಹೆಗಲ ಮೇಲೆ ಟವೆಲ್ಲು. ಎರಡು ನಿಮಿಷಕ್ಕೊಮ್ಮೆ ಚೀಲ ಮುಟ್ಟಿ ನೋಡಿಕೊಳ್ಳುತ್ತಿದ್ದ. ಅಷ್ಟು ಜೋಪಾನ ಮಾಡುವ ಚೀಲದ ಮೇಲೆ ಯಾರಿಗೆ ತಾನೇ ಕಣ್ಣು ಬೀಳದು?

ಬಸ್ಸು ಬಂತು, ನೂಕುನುಗ್ಗಲು ಶುರುವಾಯಿತು. ಇಸ್ತ್ರಿ ಅಂಗಿ ಹಾಕಿದ ಒಬ್ಬ ಸಣಕಲು ಮನುಷ್ಯ ಅವನಿಗೆ ಒತ್ತಿಕೊಂಡು ನಿಂತ. ಬ್ಲೇಡಿನಿಂದ ಬೆಲ್ಟು ಕತ್ತರಿಸಿ ಒಂದು ಎಳೆತ ಎಳೆದ. ಒಳಗಿನ ಪ್ಲಾಸ್ಟಿಕ್ ಚೀಲವೂ ಬಿಲ್ಲೆಯಿಂದ ಟಕ್ ಅಂತ ಕಳಚಿ ಜೀನ್ಸಿನ ಜೊತೆಗೇ ಹೋಯಿತು.

ನಾಲ್ಕು ತಿಂಗಳು ಯಾವುದಕ್ಕೆ ಹೆದರಿ ಮನೆಯಲ್ಲಿ ಕೂತಿದ್ದನೋ ಅದೇ, ಜಾತ್ರೆಯಂಥ ಜನದ ನಡುವೆ, ನನ್ನ ಕಣ್ಣೆದುರೇ ಆಗಿತ್ತು. ಇವನು ಅಲ್ಲೇ ಕುಸಿದು ಕೂರುತ್ತಾನೆ, ಇನ್ನೆಂದೂ ಹೊರಗೆ ಬರುವುದಿಲ್ಲ ಅಂದುಕೊಂಡೆ. ಅವನು ಕೂರಲಿಲ್ಲ. ಟವೆಲ್ಲನ್ನು ಹೊಟ್ಟೆಗೆ ಒತ್ತಿ ಹಿಡಿದು ಕಳ್ಳನ ಹಿಂದೆ ಓಡಿದ. ಓಡುತ್ತ ಕೂಗಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ಲೇ ತಮ್ಮಾ, ಜಿಪ್ ತೆಗೀಬ್ಯಾಡಲೇ. ನಿನ್ನ ಒಳ್ಳೇದಕ್ಕ ಹೇಳ್ತೀನಿ, ತೆಗೀಬ್ಯಾಡ."

ಕೇಳಿದವರಿಗೆಲ್ಲ ಅದರೊಳಗೆ ಬಂಗಾರ ಇರಬೇಕು ಅನ್ನಿಸಿತು. ಅರ್ಧ ನಿಲ್ದಾಣ ಹಿಂದೆ ಓಡಿತು. ಇವನು ಬೇಡ ಬೇಡ ಅಂದಷ್ಟೂ ಕಳ್ಳನಿಗೆ ಆಸೆ ಹೆಚ್ಚಾಯಿತು. ಕಬ್ಬಿನ ಹಾಲಿನ ಗಾಡಿಯ ಹಿಂದೆ ಮರೆಯಾಗಿ ಜಿಪ್ ತೆಗೆದ. ಒಳಗೆ ಬೆಚ್ಚಗೆ ಉಬ್ಬಿದ ಪ್ಲಾಸ್ಟಿಕ್ಕು, ಅದರ ಬಾಯಿಗೆ ಕ್ಲಿಪ್ಪು. ಇಷ್ಟು ಭದ್ರವಾಗಿ ಇಟ್ಟಿದ್ದಾನೆಂದರೆ ದೊಡ್ಡ ಗಂಟೇ ಅಂತ ಕ್ಲಿಪ್ಪೂ ತೆಗೆದು, ಮೊಣಕೈವರೆಗೂ ಕೈ ತೂರಿಸಿದ.

ಗಾಡಿಯ ಹಿಂದಿನಿಂದ ಒಂದು ವಿಚಿತ್ರ ಸದ್ದು ಬಂತು. ಮುತ್ತಿಕೊಂಡ ಜನ, ಮುತ್ತಿಕೊಂಡಷ್ಟೇ ಬೇಗ ಹಿಂದಕ್ಕೆ ಸರಿದರು. ಪೊಲೀಸಪ್ಪ ಬಂದ. ಕಳ್ಳ ಯಾರು ಅಂತ ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಚೀಲದಲ್ಲಿ ಏನಿತ್ತು ಅಂತ ಟೇಲರಣ್ಣನನ್ನು ಕೇಳಿದ. ಸುತ್ತ ನೂರು ಜನ. ಸ್ವಂತ ತಂಗಿಗೂ ಹೇಳದವನು ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ, ಆಪರೇಷನ್ನು ಆದದ್ದು, ಹೊಟ್ಟೆಯ ದಾರಿ, ಚೀಲ, ಎಲ್ಲವನ್ನೂ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಯಾರೂ ನಗಲಿಲ್ಲ. ಒಬ್ಬ ಮುದುಕಪ್ಪ ಮಾತ್ರ ಹತ್ತಿರ ಬಂದು, ನಿಮ್ಮ ಹೊಲಿಗೆ ಭಾಳ ಗಟ್ಟಿ ಐತಿ, ಅಂಗಡಿ ಎಲ್ಲಿ ಅಂತ ಕೇಳಿದರು.

ಅವನನ್ನು ನಿಲ್ದಾಣದ ಒಂದು ಕೋಣೆಗೆ ಕರೆದುಕೊಂಡು ಹೋಗಿ, ನನ್ನ ಬ್ಯಾಗಿನಲ್ಲಿದ್ದ ಹೊಸ ಚೀಲ ಹಾಕಲು ಕೂತೆ. ಕೂಡಿಸಲು ಆಗುತ್ತಿಲ್ಲ. ಅವನು ನಗಲು ಶುರು ಮಾಡಿದ್ದ, ಹೊಟ್ಟೆ ಕುಣಿಯುತ್ತಿತ್ತು. ಸ್ವಲ್ಪ ಸುಮ್ಮನಿರಪ್ಪಾ ಅಂದರೆ ಇನ್ನಷ್ಟು ನಗು. ಕಡೆಗೆ ನನಗೂ ನಗು ತಡೆಯಲಿಲ್ಲ. ನಾಲ್ಕು ತಿಂಗಳಲ್ಲಿ ಅವನು ನಕ್ಕದ್ದು ಅದೇ ಮೊದಲು.

ಹೊರಗೆ ಬಂದಾಗ ಕಳ್ಳ ಅಲ್ಲೇ ನಿಂತಿದ್ದ. ಅವನನ್ನು ಯಾರೂ ಹಿಡಿದುಕೊಂಡಿರಲಿಲ್ಲ, ಹಿಡಿಯಲು ಯಾರೂ ತಯಾರಿರಲಿಲ್ಲ. ಪೊಲೀಸಪ್ಪನೇ ಎರಡು ಮಾರು ದೂರದಲ್ಲಿ ಲಾಠಿ ಚಾಚಿ ನಿಂತಿದ್ದ. ಸುತ್ತ ಮೈದಾನದಷ್ಟು ಜಾಗ ಖಾಲಿ ಇತ್ತು, ಯಾವ ಕಡೆ ಬೇಕಾದರೂ ಓಡಿಹೋಗಬಹುದಿತ್ತು. ಅವನು ಓಡಲಿಲ್ಲ. ಎರಡೂ ಕೈಯನ್ನು ಮೈಯಿಂದ ದೂರ ಚಾಚಿಕೊಂಡು, ಅಳುವ ದನಿಯಲ್ಲಿ ಬೇಡಿಕೊಳ್ಳುತ್ತಿದ್ದ:

"ಸಾಹೇಬ್ರ, ಇದೂ ಒಪ್ಕೋತೀನಿ, ಹಿಂದಿನ ಮೂರು ಕಳವೂ ಒಪ್ಕೋತೀನಿ. ಮೊದ್ಲು ಒಂದು ಸೋಪ್ ಕೊಡಿಸ್ರಿ."